ಇಳಿವಯಸ್ಸಿನ ಹೆಜ್ಜೆಗೆ ಕಾಯಕದ ಊರುಗೋಲು

ಸುಶ್ರುತಾಚಾರ್ಯರು ಹಸಿವು, ಬಾಯಾರಿಕೆ, ನಿದ್ರೆ, ಮುಪ್ಪು ಹಾಗೂ ಮರಣಗಳನ್ನು ಸ್ವಾಭಾವಿಕ ವ್ಯಾಧಿಗಳೆಂದು ಹೇಳಿದ್ದಾರೆ. ದೇಹ ಧರಿಸಿದ ಯಾರಿಗೂ ಇವು ತಪ್ಪಿದವಲ್ಲ. ಆದರೆ ಎಡವಿ ಬಿದ್ದು ಆಗುವ ಪೆಟ್ಟು ಈ ಗುಂಪಿಗೆ ಸೇರುವುದಿಲ್ಲ. ಅಭಿಘಾತದಿಂದ ಬರುವ ಅಂತಹ ತೊಂದರೆಯನ್ನು ಆಯುರ್ವೇದವು ಆಗಂತುಕ ವ್ಯಾಧಿಯೆಂದು ಬೇರೆಯಾಗಿ ಎಣಿಸುತ್ತದೆ. ಮುಪ್ಪು ಬರುವುದನ್ನು ತಡೆಯಲಾಗದು. ಮುಪ್ಪಿನಲ್ಲಿ ಬೀಳುವುದನ್ನು ಬಹುಮಟ್ಟಿಗೆ ತಡೆಯಬಹುದು. "ವಯಸ್ಸಾಗಿತ್ತು, ಬಿದ್ದರು" ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಸುಮ್ಮನಾಗುವ ರೂಢಿ ನಮ್ಮ ಮನೆಗಳಲ್ಲಿದೆ. ಈ ರೂಢಿಯನ್ನು ಬಿಡಬೇಕಾದ ಕಾಲ ಬಂದಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 6,84,000 ಮಂದಿ ಬಿದ್ದು ಆದ ಪೆಟ್ಟಿನಿಂದ ಪ್ರಾಣ ಕಳೆದುಕೊಳ್ಳುತ್ತಾರೆ. ಆಕಸ್ಮಿಕ ಗಾಯಗಳಿಂದಾಗುವ ಮರಣಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದರದೇ. 65 ವರ್ಷ ದಾಟಿದವರಲ್ಲಿ ನೂರಕ್ಕೆ 28ರಿಂದ 35 ಮಂದಿ ವರ್ಷಕ್ಕೊಮ್ಮೆಯಾದರೂ ಬೀಳುತ್ತಾರೆ. 2011ರ ಜನಗಣತಿಯ ವೇಳೆಗೇ ನಮ್ಮ ದೇಶದಲ್ಲಿ 60 ವರ್ಷ ಮೀರಿದವರ ಸಂಖ್ಯೆ 10 ಕೋಟಿಯನ್ನು ದಾಟಿತ್ತು. ಆದ್ದರಿಂದ ಇದು ಯಾರದೋ ಮನೆಯ ಮಾತಲ್ಲ. ಈ ಪತ್ರಿಕೆಯನ್ನು ಓದುತ್ತಿರುವ ಪ್ರತಿಯೊಂದು ಮನೆಯ ಮಾತು.

ಬೀಳುವುದಕ್ಕೆ ಕಾರಣವೇನೆಂದು ಕೇಳಿದರೆ ಸಾಮಾನ್ಯವಾಗಿ ಮೂರು ಉತ್ತರಗಳು ಬರುತ್ತವೆ: ಕಣ್ಣು ಮಂಜಾಗಿದೆ, ಕಾಲಿನಲ್ಲಿ ಶಕ್ತಿಯಿಲ್ಲ, ನೆಲ ಜಾರುತ್ತಿತ್ತು. ಮೂರೂ ನಿಜವೇ. ಆದರೆ ನಾಲ್ಕನೆಯದೊಂದು ಇದೆ. ಅದನ್ನು ಯಾರೂ ಕೇಳುವುದಿಲ್ಲ. ಆ ಹಿರಿಯರಿಗೆ ಬೆಳಿಗ್ಗೆ ಎದ್ದು ಮಾಡಲು ತಮ್ಮದೆಂಬ ಒಂದು ಕೆಲಸವಿತ್ತೇ? ತಾವು ಈ ಮನೆಗೆ ಬೇಕಾದವರೆಂಬ ಭಾವ ಅವರಲ್ಲಿ ಉಳಿದಿತ್ತೇ? ಈ ಪ್ರಶ್ನೆಗೂ ಕಾಲಿನ ಬಲಕ್ಕೂ ಇರುವ ಸಂಬಂಧವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ನಡಿಗೆ ಕಾಲಿನ ಕೆಲಸ ಮಾತ್ರವಲ್ಲ

ನಾವು ನೆಟ್ಟಗೆ ನಿಲ್ಲುವುದು ಮೂರು ಮೂಲಗಳ ಸಹಕಾರದಿಂದ. ಕಣ್ಣು ದಾರಿಯನ್ನು ತೋರಿಸುತ್ತದೆ. ಒಳಕಿವಿಯು ತಲೆಯ ಚಲನೆಯನ್ನು ಅಳೆಯುತ್ತದೆ. ಅಂಗಾಲು ಹಾಗೂ ಕೀಲುಗಳು ನೆಲದ ಏರುಪೇರನ್ನು ತಿಳಿಸುತ್ತವೆ. ಮಿದುಳು ಈ ಸುದ್ದಿಗಳನ್ನು ಕೂಡಿಸಿ, ಕ್ಷಣಾರ್ಧದಲ್ಲಿ ಸೊಂಟ, ತೊಡೆ, ಮೀನಖಂಡಗಳ ಸ್ನಾಯುಗಳಿಗೆ ಆಜ್ಞೆ ಕೊಡುತ್ತದೆ. ಆಯುರ್ವೇದದಲ್ಲಿ ಚಲನೆಗೆಲ್ಲ ಒಡೆಯ ವಾತ. ಇಂದ್ರಿಯಗಳನ್ನೂ ಮನಸ್ಸನ್ನೂ ಪ್ರೇರೇಪಿಸುವುದೂ ಅದೇ. ವೃದ್ಧಾಪ್ಯವು ವಾತಪ್ರಧಾನವಾದ ಕಾಲ; ಅಸ್ಥಿಧಾತುವು ವಾತಕ್ಕೆ ಆಶ್ರಯ. ಇಳಿವಯಸ್ಸಿನಲ್ಲಿ ಮೂಳೆ ಸವೆಯುವುದು, ನಡಿಗೆ ತೂಗಾಡುವುದು, ನಿದ್ರೆ ಕಡಿಮೆಯಾಗುವುದು, ಮನಸ್ಸು ಅಂಜುವುದು ಒಟ್ಟೊಟ್ಟಿಗೇ ಕಾಣಿಸಿಕೊಳ್ಳುವುದನ್ನು ನಮ್ಮ ಶಾಸ್ತ್ರವು ಹೀಗೆ ವಿವರಿಸುತ್ತದೆ.

ನಡಿಗೆಯಲ್ಲಿ ಮನಸ್ಸಿನ ಪಾಲು ಎಷ್ಟೆಂಬುದಕ್ಕೆ ಸ್ವೀಡನ್ನಿನಲ್ಲಿ ನಡೆದು 1997ರಲ್ಲಿ ಪ್ರಕಟವಾದ ಒಂದು ಸರಳ ಪರೀಕ್ಷೆಯನ್ನು ನೋಡಬಹುದು. ಅಲ್ಲಿನ ಹಿರಿಯರೊಡನೆ ನಡೆಯುತ್ತಾ ಸಂಶೋಧಕರು ಮಾತು ತೆಗೆದರು. ಕೆಲವರು ಮಾತನಾಡುತ್ತಲೇ ನಡೆದರು. 12 ಮಂದಿ ಉತ್ತರ ಹೇಳಲು ನಿಂತುಬಿಟ್ಟರು. ಹಾಗೆ ನಿಂತವರಲ್ಲಿ 10 ಮಂದಿ ಮುಂದಿನ 6 ತಿಂಗಳಲ್ಲಿ ಬಿದ್ದರು. ನಡಿಗೆಗೇ ಮನಸ್ಸಿನ ಪೂರ್ಣ ಗಮನ ಬೇಕಾಗುವ ಸ್ಥಿತಿಗೆ ಅವರು ತಲುಪಿದ್ದರು ಎಂಬುದು ಇದರ ಅರ್ಥ. ಮನಸ್ಸು ಕುಗ್ಗಿದರೆ ಹೆಜ್ಜೆಯೂ ಕುಗ್ಗುತ್ತದೆ.

ಗುರಿಗೂ ಬಲಕ್ಕೂ ಇರುವ ನಂಟು

ಬದುಕಿಗೆ ಗುರಿಯಿರುವುದು ಆರೋಗ್ಯದ ಮೇಲೆ ಬೀರುವ ಪರಿಣಾಮವನ್ನು ಕಳೆದ ಕೆಲವು ದಶಕಗಳಲ್ಲಿ ವೈದ್ಯವಿಜ್ಞಾನಿಗಳು ಶ್ರದ್ಧೆಯಿಂದ ಪರಿಶೀಲಿಸಿದ್ದಾರೆ. ಜಪಾನಿ ಭಾಷೆಯಲ್ಲಿ "ಇಕಿಗೈ" ಎಂಬ ಪದವಿದೆ. ಬದುಕಿರುವುದಕ್ಕೆ ಅರ್ಥ ಕೊಡುವ ಸಂಗತಿ ಎಂಬುದು ಅದರ ತಾತ್ಪರ್ಯ. ಆ ದೇಶದ ಮಿಯಾಗಿ ಪ್ರಾಂತ್ಯದ ಓಸಾಕಿ ಪ್ರದೇಶದಲ್ಲಿ 40ರಿಂದ 79 ವರ್ಷದ 43,391 ಮಂದಿಯನ್ನು "ನಿಮ್ಮ ಬದುಕಿನಲ್ಲಿ ಇಕಿಗೈ ಇದೆಯೇ?" ಎಂದು ಕೇಳಿ, 7 ವರ್ಷಗಳ ಕಾಲ ಗಮನಿಸಲಾಯಿತು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ, "ಇಲ್ಲ" ಎಂದವರಲ್ಲಿ ಮರಣದ ಸಂಭವ "ಇದೆ" ಎಂದವರಿಗಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚಾಗಿತ್ತು. ಈ ಹೆಚ್ಚಳ ಅರ್ಬುದ ರೋಗದಲ್ಲಿ ಕಾಣಲಿಲ್ಲ. ಹೃದಯ ಮತ್ತು ರಕ್ತನಾಳಗಳ ರೋಗಗಳಲ್ಲಿ, ಹಾಗೂ ಅಪಘಾತವೇ ಮೊದಲಾದ ಬಾಹ್ಯ ಕಾರಣಗಳಲ್ಲಿ ಕಂಡಿತು. ಈ ಕೊನೆಯ ಅಂಶವು ನಮ್ಮ ವಿಷಯಕ್ಕೆ ಮುಖ್ಯವಾದುದು.

ಅಮೆರಿಕದಲ್ಲಿ 50 ವರ್ಷ ಮೀರಿದವರನ್ನು ಕುರಿತು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಕೈಹಿಡಿತದ ಬಲವನ್ನೂ ನಡಿಗೆಯ ವೇಗವನ್ನೂ ಅಳೆಯಿತು. ಬದುಕಿಗೆ ಗುರಿಯಿದೆಯೆಂಬ ಭಾವ ಹೆಚ್ಚಿದ್ದವರಲ್ಲಿ ಮುಂದಿನ ವರ್ಷಗಳಲ್ಲಿ ಹಿಡಿತ ಸಡಿಲವಾಗುವ, ನಡಿಗೆ ನಿಧಾನವಾಗುವ ಸಂಭವ ಕಡಿಮೆಯಿತ್ತು. ಹಿಡಿತ ಮತ್ತು ನಡಿಗೆಯ ವೇಗ ಇವೆರಡೂ ಬೀಳುವ ಅಪಾಯವನ್ನು ಮೊದಲೇ ಸೂಚಿಸುವ ಲಕ್ಷಣಗಳೆಂಬುದು ವೈದ್ಯರೆಲ್ಲರಿಗೂ ತಿಳಿದ ಸಂಗತಿ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಇಂತಹ ಅಧ್ಯಯನಗಳು ನಂಟನ್ನು ತೋರಿಸುತ್ತವೆಯೇ ಹೊರತು, ಒಂದರಿಂದಲೇ ಇನ್ನೊಂದು ಆಯಿತೆಂದು ಸಾಧಿಸುವುದಿಲ್ಲ. ದೇಹ ಗಟ್ಟಿಯಾಗಿರುವವರಿಗೆ ಗುರಿ ಉಳಿಸಿಕೊಳ್ಳುವುದೂ ಸುಲಭ ಎಂಬುದು ನಿಜ. ಆದರೆ ನಂಟಿನ ದಾರಿಯನ್ನು ನಾವು ಕಣ್ಣಾರೆ ಕಾಣಬಹುದು. ಮಾಡಲು ಕೆಲಸವಿರುವವರು ದಿನಕ್ಕೆ ಹತ್ತಾರು ಬಾರಿ ಎದ್ದು ಕೂರುತ್ತಾರೆ, ಬಾಗುತ್ತಾರೆ, ನಡೆಯುತ್ತಾರೆ. ಹೊತ್ತಿಗೆ ಸರಿಯಾಗಿ ಉಣ್ಣುತ್ತಾರೆ, ಮಲಗುತ್ತಾರೆ. ನಾಳೆಯ ಕೆಲಸಕ್ಕೆ ತಾವು ಬೇಕೆಂಬ ಕಾರಣಕ್ಕೆ ಕನ್ನಡಕ ಸರಿಮಾಡಿಸಿಕೊಳ್ಳುತ್ತಾರೆ, ಔಷಧಿ ಮರೆಯುವುದಿಲ್ಲ. ಗುರಿ ಕಳೆದುಕೊಂಡವರು ಇವೆಲ್ಲವನ್ನೂ ಒಂದೊಂದಾಗಿ ಬಿಟ್ಟುಕೊಡುತ್ತಾರೆ.

ಚರಕರು ಹೇಳಿದ ಮೂರು ಏಷಣೆಗಳು

ಈ ವಿಚಾರ ನಮಗೆ ಹೊಸದಲ್ಲ. ಚರಕ ಸಂಹಿತೆಯ ಸೂತ್ರಸ್ಥಾನದ 11ನೆಯ ಅಧ್ಯಾಯವು ಮೂರು ಏಷಣೆಗಳನ್ನು ಹೇಳುತ್ತದೆ: ಪ್ರಾಣೈಷಣೆ, ಧನೈಷಣೆ, ಪರಲೋಕೈಷಣೆ. ಬದುಕಬೇಕೆಂಬ ಹಂಬಲ, ಬದುಕಿಗೆ ಬೇಕಾದ ಸಾಧನಗಳನ್ನು ದುಡಿದು ಪಡೆಯುವ ಹಂಬಲ, ಇಹವನ್ನು ಮೀರಿದ ಒಳಿತಿನ ಹಂಬಲ. ಪ್ರಾಣೈಷಣೆಯುಳ್ಳವನು ಸ್ವಸ್ಥನಾಗಿದ್ದಾಗ ಆರೋಗ್ಯದ ನಿಯಮಗಳನ್ನು ಪಾಲಿಸುತ್ತಾನೆ, ರೋಗ ಬಂದಾಗ ಅದರ ಶಮನದಲ್ಲಿ ಉದಾಸೀನ ಮಾಡುವುದಿಲ್ಲ ಎಂಬುದು ಆಚಾರ್ಯರ ಅಭಿಪ್ರಾಯ.

ನಮ್ಮ ಹಿರಿಯರ ಸ್ಥಿತಿಯನ್ನು ಈ ಬೆಳಕಿನಲ್ಲಿ ನೋಡೋಣ. ನಿವೃತ್ತಿಯ ದಿನ, ಇಲ್ಲವೇ ಹೊಲವನ್ನು ಮಕ್ಕಳಿಗೆ ವಹಿಸಿದ ದಿನ, ಎರಡನೆಯ ಏಷಣೆಗೆ ತೆರೆ ಬೀಳುತ್ತದೆ. ಸಂಗಾತಿ ತೀರಿಕೊಂಡರೆ ಮೊದಲನೆಯದೂ ಸೊರಗುತ್ತದೆ. "ಇನ್ನೇನಿದೆ, ಶಿವ ಕರೆದಾಗ ಹೋಗುವುದು" ಎಂಬ ಮಾತು ಬಾಯಲ್ಲಿ ನೆಲೆಸುತ್ತದೆ. ಈ ಮಾತನ್ನು ವೈರಾಗ್ಯವೆಂದು ತಿಳಿದು ನಾವು ಗೌರವಿಸುತ್ತೇವೆ. ಅನೇಕ ಸಲ ಅದು ವೈರಾಗ್ಯವಲ್ಲ, ವಿಷಾದ. ವಿರಾಗಿಯು ಶಾಂತನಾಗಿ, ಎಚ್ಚರದಿಂದ, ತನ್ನ ನಿತ್ಯಕರ್ಮದಲ್ಲಿ ತೊಡಗಿರುತ್ತಾನೆ. ವಿಷಾದಗ್ರಸ್ತನು ಸ್ನಾನ, ಊಟ, ಪೂಜೆಗಳಲ್ಲಿಯೂ ಆಸಕ್ತಿ ಕಳೆದುಕೊಳ್ಳುತ್ತಾನೆ. ಎರಡು ವಾರಕ್ಕೂ ಹೆಚ್ಚು ಕಾಲ ಹಾಗಿದ್ದರೆ ಅದು ಚಿಕಿತ್ಸೆ ಬೇಕಾದ ಸ್ಥಿತಿ, ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಪ್ರೀತಿಯಿಂದಲೇ ಆಗುವ ಹಾನಿ

ನನ್ನ ಚಿಕಿತ್ಸಾಲಯಕ್ಕೆ ಬರುವ ಕುಟುಂಬಗಳಲ್ಲಿ ಒಂದು ಮಾತನ್ನು ಮತ್ತೆ ಮತ್ತೆ ಕೇಳುತ್ತೇನೆ: "ನಾವು ಅಮ್ಮನಿಗೆ ಒಂದು ಕಡ್ಡಿಯನ್ನೂ ಎತ್ತಿಡಲು ಬಿಡುವುದಿಲ್ಲ." ಹೇಳುವ ಮಗನ ದನಿಯಲ್ಲಿ ಹೆಮ್ಮೆಯಿರುತ್ತದೆ, ಪ್ರೀತಿಯೂ ನಿಜವಾದದ್ದೇ. ಆದರೆ ಪಕ್ಕದಲ್ಲಿ ಕುಳಿತ ಆ ತಾಯಿಯ ತೊಡೆಯನ್ನು ಮುಟ್ಟಿ ನೋಡಿದರೆ ಮಾಂಸಧಾತು ಕರಗಿರುವುದು ಕೈಗೆ ತಿಳಿಯುತ್ತದೆ. ಮೂರು ದಶಕ ಮನೆಯ ಅಡುಗೆ, ದಾಸೋಹ, ನೆಂಟರಿಷ್ಟರನ್ನೆಲ್ಲ ನಿಭಾಯಿಸಿದ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತವೆ.

ಸುಮ್ಮನಿರುವುದು ಎಷ್ಟು ಬೇಗ ದೇಹವನ್ನು ತಿನ್ನುತ್ತದೆಂಬುದಕ್ಕೆ 2007ರಲ್ಲಿ ಪ್ರಕಟವಾದ ಪ್ರಯೋಗವೊಂದು ಸಾಕ್ಷಿ. ಆರೋಗ್ಯವಂತರಾದ ಹಿರಿಯರನ್ನು ಕೇವಲ 10 ದಿನ ಹಾಸಿಗೆಯಲ್ಲಿಯೇ ಇರಿಸಿದಾಗ, ಅವರ ಕಾಲುಗಳಿಂದ ಸುಮಾರು 1 ಕಿಲೋಗ್ರಾಂನಷ್ಟು ಮಾಂಸಧಾತು ಇಳಿದಿತ್ತು. ರೋಗವಿಲ್ಲದವರ ಸ್ಥಿತಿಯೇ ಹೀಗಾದರೆ, ವರ್ಷಗಟ್ಟಲೆ ಕುರ್ಚಿಗೆ ಅಂಟಿಕೊಂಡವರ ಗತಿಯೇನು?

ಒಮ್ಮೆ ಬಿದ್ದವರ ಮನೆಯಲ್ಲಿ ಇದು ಇನ್ನೂ ತೀವ್ರವಾಗುತ್ತದೆ. ಬಿದ್ದವರಿಗೆ ಭಯ, ಮನೆಯವರಿಗೆ ಅದಕ್ಕಿಂತ ಹೆಚ್ಚು ಭಯ. "ಏಳಬೇಡಿ, ಕೂತಿರಿ" ಎಂಬ ಆಜ್ಞೆ ಹೊರಡುತ್ತದೆ. ಕೂತರೆ ಕಾಲು ಸೋಲುತ್ತದೆ. ಕಾಲು ಸೋತರೆ ಮತ್ತೆ ಬೀಳುತ್ತಾರೆ. ಮತ್ತೆ ಬಿದ್ದರೆ ಭಯ ಇಮ್ಮಡಿಸುತ್ತದೆ. ಈ ಸುಳಿಯನ್ನು ಮುರಿಯುವುದು ಕೇವಲ ಔಷಧಿಯಿಂದ ಸಾಧ್ಯವಿಲ್ಲ. ಏಳುವುದಕ್ಕೆ ಒಂದು ಕಾರಣವನ್ನು ಅವರಿಗೆ ಮರಳಿ ಕೊಡಬೇಕು.

ಎಂತಹ ಕೆಲಸ ಕೊಡಬೇಕು?

ಕಾಯಕವೆಂಬ ಮಾತಿಗೆ ನಮ್ಮ ಪರಂಪರೆಯಲ್ಲಿ ಸಂಬಳದ ಹಂಗಿಲ್ಲ, ನಿವೃತ್ತಿಯ ವಯಸ್ಸೂ ಇಲ್ಲ. ಇಳಿವಯಸ್ಸಿಗೆ ಒಪ್ಪುವ ಕಾಯಕಕ್ಕೆ ಮೂರು ಲಕ್ಷಣಗಳಿರಬೇಕು. ಅದು ಅವರ ಶಕ್ತಿಗೆ ತಕ್ಕುದಾಗಿರಬೇಕು; ನಿತ್ಯವೂ ಹೊತ್ತಿಗೆ ಸರಿಯಾಗಿ ನಡೆಯಬೇಕು; ಅದರಿಂದ ಮತ್ತೊಬ್ಬರಿಗೆ ನಿಜವಾದ ಉಪಯೋಗವಾಗಬೇಕು. ಮೂರನೆಯದು ಅತಿ ಮುಖ್ಯ. ಹೊತ್ತು ಕಳೆಯಲೆಂದು ಕೊಟ್ಟ ಕೆಲಸವನ್ನು ಹಿರಿಯರು ತಕ್ಷಣ ಗುರುತಿಸುತ್ತಾರೆ ಮತ್ತು ನೊಂದುಕೊಳ್ಳುತ್ತಾರೆ.

ಪೂಜೆಗೆ ಹೂವು, ಬಿಲ್ವಪತ್ರೆ ಸಿದ್ಧಪಡಿಸುವುದು, ಕುಂಡದ ಗಿಡಗಳಿಗೆ ನೀರೆರೆಯುವುದು, ಮೊಮ್ಮಕ್ಕಳಿಗೆ ಮಗ್ಗಿ ಹೇಳಿಸುವುದು, ಸೊಪ್ಪು ಸೋಸುವುದು, ಮನೆಯ ಲೆಕ್ಕ ಬರೆಯುವುದು, ನೆರೆಯ ಒಂಟಿ ಹಿರಿಯರನ್ನು ದಿನಕ್ಕೊಮ್ಮೆ ಮಾತನಾಡಿಸಿ ಬರುವುದು ಎಲ್ಲವೂ ಸಲ್ಲುತ್ತವೆ. ಮಂಡಿನೋವಿನವರು ಕುರ್ಚಿಯಲ್ಲಿ ಕುಳಿತೇ ದಾಸೋಹದ ಕಾಳು ಆರಿಸಬಹುದು. ದೃಷ್ಟಿ ಮಂದವಾದವರು ಕತೆ ಹೇಳಬಹುದು, ಹಾಡು ಕಲಿಸಬಹುದು. ಹಾಸಿಗೆ ಹಿಡಿದವರನ್ನೂ "ಈ ವರ್ಷ ಹಬ್ಬಕ್ಕೆ ಏನು ಮಾಡೋಣ?" ಎಂದು ಕೇಳಿ, ಅವರ ಮಾತಿನಂತೆ ನಡೆಯಬಹುದು.

1976ರಲ್ಲಿ ಅಮೆರಿಕದ ಒಂದು ವೃದ್ಧಾಶ್ರಮದಲ್ಲಿ ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಎಂಬ ಮನಶ್ಶಾಸ್ತ್ರಜ್ಞೆಯರು ಒಂದು ಪ್ರಯೋಗ ಮಾಡಿದರು. ಒಂದು ಗುಂಪಿನ ಹಿರಿಯರಿಗೆ ಗಿಡವೊಂದನ್ನು ಕೊಟ್ಟು, ಅದರ ಆರೈಕೆಯೂ ತಮ್ಮ ದಿನಚರಿಯ ನಿರ್ಧಾರಗಳೂ ಅವರದೇ ಹೊಣೆಯೆಂದು ತಿಳಿಸಿದರು. ಇನ್ನೊಂದು ಗುಂಪಿಗೂ ಗಿಡ ಕೊಟ್ಟರು. ಆದರೆ ಅದನ್ನು ಸಿಬ್ಬಂದಿಯೇ ನೋಡಿಕೊಳ್ಳುವರೆಂದರು. ಕೆಲವೇ ವಾರಗಳಲ್ಲಿ ಹೊಣೆ ಹೊತ್ತವರು ಹೆಚ್ಚು ಚುರುಕಾಗಿ, ಹೆಚ್ಚು ಚಟುವಟಿಕೆಯಿಂದ ಇರುವುದು ಕಂಡಿತು. ಇದು ಚಿಕ್ಕ ಪ್ರಯೋಗ; ಆದರೂ ಪ್ರತಿಯೊಂದು ಮನೆಯಲ್ಲಿ ಮಾಡಿ ನೋಡಬಹುದಾದ ಪ್ರಯೋಗ.

ಕಾಯಕಕ್ಕೆ ಸುರಕ್ಷಿತ ಹಾದಿ

ಗುರಿಯಿದ್ದವರೂ ಬೀಳುತ್ತಾರೆ. ಉತ್ಸಾಹದಿಂದ ಮಾವಿನ ಎಲೆಗೆಂದು ಸ್ಟೂಲು ಹತ್ತುವವರು, ಫೋನು ಕೂಗಿತೆಂದು ಓಡುವವರು ಇದಕ್ಕೆ ನಿದರ್ಶನ. ಆದ್ದರಿಂದ ಕೆಲಸ ಕೊಟ್ಟ ಮನೆಯೇ ಹಾದಿಯನ್ನೂ ಸರಿಪಡಿಸಬೇಕು.

ಮೊದಲು ಬಚ್ಚಲುಮನೆ. ಗೋಡೆಗೆ ಗಟ್ಟಿಯಾದ ಹಿಡಿಕೆ, ಜಾರದ ಚಾಪೆ, ಕುಳಿತು ಸ್ನಾನ ಮಾಡಲು ಎತ್ತರದ ಪೀಠ ಇರಲಿ. ಹಾಸಿಗೆಯಿಂದ ಶೌಚಾಲಯದವರೆಗೆ ರಾತ್ರಿಯಿಡೀ ಬೆಳಕಿರಲಿ. ಹೊಸ್ತಿಲಿನ ಅಂಚಿಗೆ ಎದ್ದು ಕಾಣುವ ಬಣ್ಣ ಬಳಿಯಿರಿ. ಸಡಿಲವಾದ ಕಾಲೊರಸು, ಅಡ್ಡಬಿದ್ದ ವೈರು, ನೆಲ ಗುಡಿಸುವ ಧೋತರ ಮತ್ತು ಸೀರೆಯ ಅಂಚು, ಸವೆದ ಚಪ್ಪಲಿ ಇವೆಲ್ಲವೂ ಶತ್ರುಗಳು.

ಪಾದಾಭ್ಯಂಗವು ವಾತಶಮನಕ್ಕೆ ಉತ್ತಮ. ಆದರೆ ಎಣ್ಣೆ ಹಚ್ಚಿದ ಅಂಗಾಲಿನಲ್ಲಿ ಎದ್ದು ಓಡಾಡುವುದು ಅಪಾಯಕರ. ಮಲಗುವ ಮುನ್ನ ಹಾಸಿಗೆಯಲ್ಲಿ ಕುಳಿತೇ ಹಚ್ಚಿಸಿಕೊಂಡು, ಚೆನ್ನಾಗಿ ಒರೆಸಿ, ನಂತರವೇ ಕಾಲೂರಬೇಕು. ಲಿಂಗಪೂಜೆಗೆ ಬಹಳ ಹೊತ್ತು ಕುಳಿತವರು ಥಟ್ಟನೆ ಏಳಬಾರದು. ರಕ್ತದೊತ್ತಡ ಇಳಿದು ಕಣ್ಣು ಕತ್ತಲಾಗಬಹುದು. ಪಾದಗಳನ್ನು ಹತ್ತಾರು ಬಾರಿ ಆಡಿಸಿ, ಗೋಡೆ ಅಥವಾ ಕುರ್ಚಿ ಹಿಡಿದು ನಿಧಾನವಾಗಿ ಏಳಬೇಕು. ನೆಲದ ಮೇಲೆ ಕೂರಲಾಗದವರು ಕುರ್ಚಿಯಲ್ಲಿ ಕುಳಿತು ಪೂಜೆ ಮಾಡಲು ಸಂಕೋಚಪಡಬೇಕಾಗಿಲ್ಲ.

ಊರುಗೋಲು ಹಿಡಿಯಲು ನಾಚುವವರು ಬಹಳ. ಚರಕ ಸಂಹಿತೆಯು ದಂಡಧಾರಣೆಯನ್ನು ದಿನಚರಿಯ ಅಂಗವಾಗಿಯೇ ಹೇಳಿದೆ: ಎಡವುವವನಿಗೆ ಅದು ನೆಲೆ ಕೊಡುತ್ತದೆ, ಭಯ ಕಳೆಯುತ್ತದೆ, ಆಯುಷ್ಯಕ್ಕೆ ಹಿತ ಎಂಬುದು ಅದರ ಆಶಯ. ಊರುಗೋಲು ಸೋಲಿನ ಗುರುತಲ್ಲ. ಹೊರಗೆ ಹೋಗುವ ಮನಸ್ಸು ಇನ್ನೂ ಇದೆಯೆಂಬುದರ ಗುರುತು.

ದೇಹದ ಸಿದ್ಧತೆ

ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಿ. ಹಿರಿಯರು ಕುರ್ಚಿಯಿಂದ ಎದ್ದು, 3 ಮೀಟರ್ ಎಂದಿನ ವೇಗದಲ್ಲಿ ನಡೆದು, ತಿರುಗಿ ಬಂದು ಕೂರಲಿ. ನೀವು ಪಕ್ಕದಲ್ಲಿಯೇ ಇರಿ. ಇದಕ್ಕೆ 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆಯೆಂದು ತಿಳಿದು ವೈದ್ಯರನ್ನು ಕಾಣಿರಿ.

ವ್ಯಾಯಾಮದಿಂದ ಬೀಳುವಿಕೆ ಕಡಿಮೆಯಾಗುತ್ತದೆಂಬುದಕ್ಕೆ ಬಲವಾದ ಆಧಾರವಿದೆ. 108 ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ನಡೆಸಿದ ವಿಮರ್ಶೆಯಲ್ಲಿ, ವ್ಯಾಯಾಮ ಮಾಡಿದ ಹಿರಿಯರಲ್ಲಿ ಬೀಳುವ ಪ್ರಮಾಣ ಶೇಕಡಾ 23ರಷ್ಟು ಕಡಿಮೆಯಾಗಿತ್ತು. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ನಿಲ್ಲುವುದು, ಆಧಾರವಿಟ್ಟುಕೊಂಡು ಒಂದೇ ಕಾಲಿನಲ್ಲಿ ನಿಲ್ಲುವುದು ಒಳ್ಳೆಯ ಆರಂಭ. ತಲೆಸುತ್ತು, ಎದೆನೋವು ಇರುವವರು ವೈದ್ಯರ ಸಲಹೆಯಿಲ್ಲದೆ ತೊಡಗಬಾರದು.

ಆಹಾರದಲ್ಲಿ ಬೇಳೆಕಾಳು, ಹಾಲು, ಮಜ್ಜಿಗೆ, ಎಳ್ಳು, ಸೊಪ್ಪು ಪ್ರತಿದಿನ ಇರಲಿ. ನಮ್ಮ ರಾಗಿಯ 100 ಗ್ರಾಂನಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ರಾತ್ರಿ ಗಂಜಿ ಕುಡಿದು ಮಲಗುವ ಪದ್ಧತಿಯಿಂದ ಮಾಂಸಧಾತುವಿಗೆ ಪೋಷಣೆ ಸಾಲದು. ವಿಟಮಿನ್ ಡಿ, ಬಿ12 ಕೊರತೆಯನ್ನು ಪರೀಕ್ಷಿಸಿಕೊಳ್ಳಿ. ಕಣ್ಣಿನ ಪೊರೆಯನ್ನು ಮುಂದೂಡಬೇಡಿ. ನಿದ್ರೆಯ ಮಾತ್ರೆ, ರಕ್ತದೊತ್ತಡದ ಹಾಗೂ ಮಧುಮೇಹದ ಔಷಧಿಗಳು ಕೆಲವರಲ್ಲಿ ತಲೆ ತಿರುಗಿಸುತ್ತವೆ. ಅವನ್ನು ತಾವಾಗಿ ನಿಲ್ಲಿಸದೆ, ಕೊಟ್ಟ ವೈದ್ಯರಿಗೇ ತೋರಿಸಿ ಪ್ರಮಾಣ ಸರಿಪಡಿಸಿಕೊಳ್ಳಬೇಕು. ಆಯುರ್ವೇದದ ರಸಾಯನಗಳನ್ನೂ ಹಾಗೆಯೇ ವೈದ್ಯರ ಸಲಹೆಯಂತೆ ಮಾತ್ರ ಸೇವಿಸಬೇಕು.

ಬಿದ್ದ ಮೇಲೆ

ಬಿದ್ದವರನ್ನು ಗಾಬರಿಯಿಂದ ಎಳೆದು ಎಬ್ಬಿಸಬಾರದು. ತೊಡೆಸಂದಿಯಲ್ಲಿ ತೀವ್ರ ನೋವು, ಕಾಲು ಊರಲಾಗದಿರುವುದು, ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿರುವುದು ಕಂಡರೆ ತೊಡೆಮೂಳೆ ಮುರಿದಿರುವ ಸಂಭವವಿದೆ. ಎಣ್ಣೆ ಹಚ್ಚಿ ತಿಕ್ಕುವುದು, ಕಟ್ಟು ಕಟ್ಟಿಸಿ ದಿನಗಟ್ಟಲೆ ಕಾಯುವುದು ಸರ್ವಥಾ ಸಲ್ಲದು. ಆಯುರ್ವೇದ ವೈದ್ಯನಾಗಿಯೇ ಈ ಮಾತನ್ನು ಒತ್ತಿ ಹೇಳುತ್ತೇನೆ. 108ಕ್ಕೆ ಕರೆಮಾಡಿ, ಮೂಳೆ ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ಕೂಡಲೇ ಸೇರಿಸಬೇಕು. ತಲೆಗೆ ಪೆಟ್ಟು ಬಿದ್ದವರು, ಅದರಲ್ಲೂ ರಕ್ತ ತೆಳುಮಾಡುವ ಮಾತ್ರೆ ಸೇವಿಸುವವರು, ನೋವಿಲ್ಲದಿದ್ದರೂ ಪರೀಕ್ಷೆಗೆ ಒಳಗಾಗಬೇಕು.

ಪೆಟ್ಟಾಗದಿದ್ದರೆ, ಬಿದ್ದವರು ಪಕ್ಕಕ್ಕೆ ಹೊರಳಿ, ಅಂಗೈ ಮತ್ತು ಮಂಡಿಯ ಮೇಲೆ ಬಂದು, ಗಟ್ಟಿ ಕುರ್ಚಿ ಹಿಡಿದು ಮೆಲ್ಲನೆ ಏಳಬಹುದು. ಬಿದ್ದುದನ್ನು ಮನೆಯವರಿಂದ ಮುಚ್ಚಿಡಬಾರದು. ಮನೆಯವರೂ ಗದರಿಸಬಾರದು; ಗದರಿಸಿದರೆ ಮುಂದಿನ ಸಲ ಹೇಳುವುದಿಲ್ಲ. ಬಿದ್ದುದು ಅವರ ತಪ್ಪಲ್ಲ, ಮನೋಬಲ ಸಾಲದೆಂಬುದರ ಗುರುತೂ ಅಲ್ಲ. ನೋಡಿಕೊಳ್ಳುವವರಿಲ್ಲದ ಹಿರಿಯರು ಸಲಹೆ ಮತ್ತು ನೆರವಿಗೆ 14567 ಸಂಖ್ಯೆಯ ಹಿರಿಯ ನಾಗರಿಕರ ಸಹಾಯವಾಣಿಯನ್ನು ಸಂಪರ್ಕಿಸಬಹುದು.

ಚೇತರಿಸಿಕೊಂಡ ಮೇಲೆ ವೈದ್ಯರ ಅನುಮತಿ ಪಡೆದು, ಅವರ ಕೆಲಸವನ್ನು ಅವರಿಗೇ ಮರಳಿ ಕೊಡಿ. ಗಿಡಕ್ಕೆ ಒಂದು ಕೊಡದ ಬದಲು ಒಂದು ತಂಬಿಗೆ ನೀರಾದರೂ ಆದೀತು. ಬೀದಿಯ ಕೊನೆಯವರೆಗೆ ಹೋಗುತ್ತಿದ್ದವರು ಜಗುಲಿಯವರೆಗೆ ಬಂದರೂ ಆದೀತು. ನಿಮ್ಮ ಮನೆಯ ಹಿರಿಯರಿಗೆ ಇಂದು ಸಂಜೆ "ನೀವು ಸುಮ್ಮನೆ ಕೂತಿರಿ" ಎನ್ನುವ ಬದಲು, "ಇದೊಂದು ನಿಮ್ಮಿಂದ ಆಗಬೇಕು" ಎಂದು ಕೇಳಿ ನೋಡಿರಿ. ಬೆಳಕು ಹಾಕಿ, ಕನ್ನಡಕ ಕೊಟ್ಟು, ಊರುಗೋಲನ್ನು ಕೈಗೆ ಎಟುಕುವಂತೆ ಇಟ್ಟು ಕೇಳಿರಿ.